ತಿಂಗಳ ಕೊನೇ ಭಾನುವಾರದ ಥೀಮ್ ಊಟ

ನನ್ನ ಗೆಳತಿಯೊಬ್ಬಳಿಗೆ ಒಂದು ಅಭ್ಯಾಸವಿತ್ತು. ಊಟ ಮುಗಿಸಿ ಹಿತ್ತಲಿನ ನಲ್ಲಿಗೆ ಕೈ ಒಡ್ಡಿದಾಗಲೇ ಅವಳಿಗೆ ಹೊಸ ಯೋಚನೆಗಳು ಬರುತ್ತಿದ್ದವು. ನೀರು ಸುರಿಯುತ್ತಲೇ ಇರುತ್ತಿತ್ತು, ಇವಳು ಗೋಡೆ ನೋಡುತ್ತ ನಿಂತಿರುತ್ತಿದ್ದಳು. ಆಮೇಲೆ ಕೈ ಒದರಿ, "ಮುಂದಿನ ಸಲಕ್ಕೆ ಹೊಳೀತು ಕಣ್ರೇ" ಅನ್ನುತ್ತಿದ್ದಳು. ಅಲ್ಲಿಗೆ ಮುಂದಿನ ತಿಂಗಳೂ ನಮ್ಮ ಮನೆಯಲ್ಲಿ ಏನೋ ಒಂದು ಎಡವಟ್ಟು ಖಾತ್ರಿ. ಬೇರೆಯವರ ಮನೆಯಲ್ಲಿ ಇಂಥವು ವರ್ಷಕ್ಕೊಮ್ಮೆ ಆಗಬಹುದು. ನಮ್ಮಲ್ಲಿ ತಿಂಗಳ ಕೊನೇ ಭಾನುವಾರ ತಪ್ಪದೆ ಆಗುತ್ತಿತ್ತು.

ಆಗ ತೊಂಬತ್ತರ ದಶಕದ ಕೊನೆ. ಡಿಗ್ರಿ ಮುಗಿಸಿ ನಾವು ಐದು ಜನ ಗೆಳತಿಯರು ಐದು ಕಡೆ ಕೆಲಸಕ್ಕೆ ಸೇರಿದ್ದೆವು. ಸಂಪರ್ಕ ತಪ್ಪಿಹೋಗಬಾರದು ಅಂತ ತಿಂಗಳಿಗೊಮ್ಮೆ ಒಟ್ಟಿಗೆ ಊಟ, ಪ್ರತಿ ಊಟಕ್ಕೂ ಒಂದು ಥೀಮ್ ಅಂತ ನಿಗದಿಯಾಯಿತು. ಜಾಗ ನಮ್ಮ ಮನೆ, ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ. ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಗಿ ಅಮ್ಮನೂ ಜೊತೆಗೆ ಹೋಗಿದ್ದರಿಂದ ಮನೆಯಲ್ಲಿ ಇದ್ದದ್ದು ನಾನು, ಅಜ್ಜಿ ಇಬ್ಬರೇ.

ಕಾನ್ವೆಂಟಿನಲ್ಲಿ ಓದಿದವಳು ಅಂದರೆ ಪಟಪಟ ಮಾತಾಡುತ್ತಾಳೆ ಅಂತ ಜನ ತಿಳಿಯುತ್ತಾರೆ. ನನಗೆ ಕನ್ನಡದಲ್ಲೂ ಬಾಯಿ ಬರುತ್ತಿರಲಿಲ್ಲ, ಇಂಗ್ಲಿಷಿನಲ್ಲೂ ಬರುತ್ತಿರಲಿಲ್ಲ. ನಮ್ಮ ಮನೆ ಬೆಲ್ ಒತ್ತಿ ನನ್ನ ಹೆಸರು ಕೇಳುವವರು ಅಂತ ಇದ್ದದ್ದು ಆ ನಾಲ್ವರೇ. ಈ ಊಟ ನಿಂತರೆ ಅದೂ ನಿಂತಹಾಗೆ.

ನಿಲ್ಲಿಸುವ ಅಧಿಕಾರ ಅಜ್ಜಿಯದು. ಅವರು ಮೊದಲೇ ಹೇಳಿಬಿಟ್ಟಿದ್ದರು: "ಏನು ಬೇಕಾದ್ರೂ ಮಾಡ್ಕೊಳ್ಳಿ. ಎದುರುಮನೆಯವಳ ಬಾಯಿಗೆ ನನ್ನ ಮನೆ ವಿಷಯ ಬಿತ್ತೋ, ಅವತ್ತಿಗೆ ನಿಲ್ತು."

ಎದುರುಮನೆ ಆಂಟಿಯ ಅಡುಗೆಮನೆ ಕಿಟಕಿ ನೇರ ನಮ್ಮ ಗೇಟಿನ ಕಡೆ ನೋಡುತ್ತಿತ್ತು. ಆಂಟಿ ಸಾರಿಗೆ ಒಗ್ಗರಣೆ ಹಾಕುವಾಗಲೂ ಬಾಣಲೆ ನೋಡುತ್ತಿರಲಿಲ್ಲ, ನಮ್ಮನ್ನು ನೋಡುತ್ತಿದ್ದರು.

ಕತ್ತಲೆ ಊಟ

ಮೊದಲನೆಯದು ಕ್ಯಾಂಡಲ್ ಲೈಟ್ ಡಿನ್ನರ್. ದೀಪವೆಲ್ಲ ಆರಿಸಿ, ಸ್ಟೀಲ್ ಲೋಟಗಳನ್ನು ಬೋರಲು ಹಾಕಿ, ಅದರ ಮೇಲೆ ಮೇಣದಬತ್ತಿ ನಿಲ್ಲಿಸಿದ್ದೆವು. ಬೇಕರಿಯಿಂದ ತಂದ ಬನ್ನಿಗೂ ಆ ಬೆಳಕಿನಲ್ಲಿ ಒಂದು ಗಾಂಭೀರ್ಯ ಬಂದಿತ್ತು.

ಎರಡು ತುತ್ತು ತಿಂದಿರಬೇಕು, ಬಾಗಿಲು ಬಡಿದ ಸದ್ದು. ಎದುರುಮನೆ ಅಂಕಲ್, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಟೆಸ್ಟರು. ಅವರು ಕರೆಂಟ್ ಆಫೀಸಿನಿಂದ ನಿವೃತ್ತರಾದವರು. ಇಡೀ ರಸ್ತೆಯಲ್ಲಿ ಕರೆಂಟಿದೆ, ಪಾಪ ಅಜ್ಜಿ ಮನೆಯಲ್ಲಿ ಮಾತ್ರ ಹೋಗಿದೆ ಅಂತ ಆಂಟಿ ಕಿಟಕಿಯಿಂದ ನೋಡಿ ಕಳಿಸಿದ್ದರಂತೆ. ಹೋಗಿಲ್ಲ, ನಾವೇ ಆರಿಸಿದ್ದೇವೆ ಅಂತ ಹೇಳಬೇಕು ಅಂತ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನಮ್ಮ ಸ್ಟೂಲಿನ ಮೇಲಿದ್ದರು.

ಒಂದೊಂದೇ ಫ್ಯೂಸ್ ಕಿತ್ತು, ಊದಿ, ತಂತಿ ನೋಡಿ ಮತ್ತೆ ಹಾಕಿದರು. ಎಲ್ಲ ಸರಿಯಾಗಿದೆಯಲ್ಲ ಅಂತ ಗೊಣಗಿಕೊಂಡು ಕೆಳಗಿಳಿದು, ಗೋಡೆಯ ಸ್ವಿಚ್ ಒತ್ತಿದರು. ಟ್ಯೂಬ್‌ಲೈಟ್ ಎರಡು ಸಲ ಮಿಟುಕಿ ಹತ್ತಿಕೊಂಡಿತು. ಅಂಕಲ್ ನಮ್ಮ ಐದು ಜನರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. "ಎಲ್ಲರೂ ಡಿಗ್ರಿ ಮಾಡಿದೀರಿ ಅಲ್ವೇನಮ್ಮ?" ಅಂತ ಮೆಲ್ಲಗೆ ಕೇಳಿ, ಒಂದು ಬನ್ ತಿಂದು ಹೋದರು.

ಮರುದಿನ ತರಕಾರಿ ಅಂಗಡಿಯಲ್ಲಿ ಆಂಟಿ, ಮೊಮ್ಮಗಳಿಗೆ ಸ್ವಿಚ್ ಹಾಕುವುದನ್ನೂ ಕಲಿಸಿಲ್ಲ ಅಂದದ್ದು ಅಜ್ಜಿಯ ಕಿವಿಗೆ ಬಿತ್ತು. ಮೊದಲನೇ ಸಲ, ಲೆಕ್ಕಕ್ಕಿಲ್ಲ ಅಂತ ಕಾಲು ಹಿಡಿದು ಬಿಡಿಸಿಕೊಂಡೆ.

ಕಡ್ಡಿ ಊಟ

ಮುಂದಿನ ತಿಂಗಳು ಚೀನಾ. ನೂಡಲ್ಸ್ ಸಿಕ್ಕಿತು, ಅದನ್ನು ತಿನ್ನುವ ಕಡ್ಡಿ ಎಲ್ಲೂ ಸಿಗಲಿಲ್ಲ. ಕೊನೆಗೆ ಗಾಂಧಿ ಬಜಾರಿನ ಉಲ್ಲನ್ ಅಂಗಡಿಯಿಂದ ಸ್ವೆಟರ್ ಹೆಣೆಯುವ ಕಡ್ಡಿಗಳನ್ನು ತಂದೆವು, ಜೊತೆ ಜೊತೆ, ಹತ್ತನೇ ನಂಬರಿನವು.

ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು. ಐದು ಜನ ತಲೆ ಬಗ್ಗಿಸಿ, ಉಸಿರು ಬಿಗಿಹಿಡಿದು ಕಡ್ಡಿ ಆಡಿಸುತ್ತಿದ್ದೇವೆ. ಒಂದು ಎಳೆ ಮೇಲೆ ಬರುತ್ತದೆ, ಬಾಯಿ ತೆರೆಯುವಷ್ಟರಲ್ಲಿ ಜಾರಿ ಬೀಳುತ್ತದೆ. ಹತ್ತು ನಿಮಿಷವಾದರೂ ಯಾರ ತಟ್ಟೆಯೂ ಕಡಿಮೆಯಾಗಿರಲಿಲ್ಲ. ಅಜ್ಜಿ, "ಸ್ವೆಟರ್ ಮುಗಿದ ಮೇಲೆ ಹೇಳಿ, ಊಟಕ್ಕೆ ಹಾಕ್ತೀನಿ" ಅಂದು ಒಳಗೆ ಹೋದರು.

ಹೋದವರು ದೊಡ್ಡ ಬೇಸಿನ್ನು ತಂದರು. ಎಲ್ಲರ ನೂಡಲ್ಸನ್ನೂ ಅದಕ್ಕೆ ಸುರಿದು, ಮೇಲೆ ಬಿಸಿ ತುಪ್ಪ, ಚಟ್ನಿಪುಡಿ ಹಾಕಿ ಕೈಯಲ್ಲಿ ಚೆನ್ನಾಗಿ ಕಲೆಸಿದರು. ನಮ್ಮನ್ನು ಸುತ್ತ ಕೂರಿಸಿಕೊಂಡು ಅಂಗೈಗೆ ಒಂದೊಂದೇ ಕೈತುತ್ತು ಹಾಕುತ್ತ ಬಂದರು. ಐದು ನಿಮಿಷಕ್ಕೆ ಬೇಸಿನ್ನು ಖಾಲಿ. ಅವತ್ತಿಗೆಂದೇ ಚೀನಾದ ಬಗ್ಗೆ ಪುಸ್ತಕ ಓದಿಕೊಂಡು ಬಂದಿದ್ದ ಒಬ್ಬಳು ಬೆರಳು ನೆಕ್ಕುತ್ತ, "ಪಾಪ, ಅವರಿಗೆ ಅಜ್ಜಿ ಇರಲಿಲ್ಲ ಅನ್ಸುತ್ತೆ ಕಣ್ರೇ, ಅದಕ್ಕೇ ಕಡ್ಡಿ ಹಿಡಿದ್ರು" ಅಂದಳು.

ಮನೆಮನೆ ರುಚಿ

ಇದು ಚಿಕ್ಕದು. ಅವರವರ ಮನೆಯಲ್ಲಿ ಅಮ್ಮನ ಕೈಯ, ನನಗಾದರೆ ಅಜ್ಜಿ ಕೈಯ, ಅತಿ ರುಚಿಯಾದದ್ದನ್ನು ತರಬೇಕು, ಏನು ಅಂತ ಮೊದಲೇ ಹೇಳುವಂತಿಲ್ಲ, ಇದು ಥೀಮ್. ಐದು ಡಬ್ಬಿ ತೆರೆದೆವು. ಐದರಲ್ಲೂ ಬಿಸಿಬೇಳೆಭಾತ್.

ಇನ್ನೇನು ಮಾಡುವುದು, ಅಜ್ಜಿಯನ್ನೇ ತೀರ್ಪುಗಾರರಾಗಿ ಕೂರಿಸಿದೆವು. ಗೆಳತಿಯರಲ್ಲಿ ಒಬ್ಬಳು, ತನ್ನ ಅಮ್ಮ ಬೆಳಿಗ್ಗೆ ಐದಕ್ಕೇ ಎದ್ದು ಪುಡಿ ಕುಟ್ಟಿದರು ಅಂದಳು. ಇನ್ನೊಬ್ಬಳು, ತನ್ನ ಅಮ್ಮನಿಗೆ ಕಾಯಿ ತುರಿದು ತುರಿದು ರಟ್ಟೆ ಬಿದ್ದುಹೋಯಿತು ಅಂದಳು. ಅಜ್ಜಿ ಅವರಿಬ್ಬರ ಡಬ್ಬಿಯಿಂದಲೂ ಒಂದೊಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಕಣ್ಣು ಬಿಟ್ಟು ಕೇಳಿದರು: "ನಿಮ್ಮಿಬ್ಬರ ಅಮ್ಮಂದಿರೂ ಆ ಸರ್ಕಲ್ ಹತ್ತಿರದ ಹೋಟೆಲಲ್ಲೇ ಕೆಲಸ ಮಾಡೋದಾ?"

ನಾವು ನಕ್ಕದ್ದು ಎದುರುಮನೆಗೆ ಕೇಳಿಸಿತು. ವಯಸ್ಸಿಗೆ ಬಂದ ಹುಡುಗಿಯರು ಹೀಗೆ ಬೀದಿಗೆ ಕೇಳುವಂತೆ ನಗುವುದೇ ಅಂತ ಆಂಟಿ ದೇವಸ್ಥಾನದಲ್ಲಿ ನಾಲ್ಕು ಜನರ ಮುಂದೆ ಅಜ್ಜಿಯನ್ನೇ ಕೇಳಿದರಂತೆ. ಅಜ್ಜಿ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿದರು, ಇನ್ನೊಂದು ಮಾತು ಬಂದರೆ ಮುಗಿಯಿತು. ಈ ಸಲ ಕಾಲು ಹಿಡಿಯಲೂ ಬಿಡಲಿಲ್ಲ.

ಬಿಳಿ ಊಟ

ಹೀಗಾಗಿ ನಾಲ್ಕನೆಯದಕ್ಕೆ ನಾನು ಎಲ್ಲಿಲ್ಲದ ಎಚ್ಚರ ವಹಿಸಿದೆ. ಥೀಮು ಬಿಳಿ ಬಣ್ಣ. ಬಟ್ಟೆ ಬಿಳಿ, ಊಟವೂ ಬಿಳಿ: ಇಡ್ಲಿ, ಅಕ್ಕಿ ಶಾವಿಗೆ, ಮೊಸರನ್ನ, ಅಕ್ಕಿ ಪಾಯಸ. ನಾಲ್ವರಿಗೂ ಫೋನ್ ಮಾಡಿ ಬೇಡಿಕೊಂಡೆ. ಇದೇ ಕೊನೇ ಅವಕಾಶ, ಗೇಟಿನ ಹತ್ತಿರ ನಗಬೇಡಿ, ಮಾತೇ ಬೇಡ, ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ಒಳಗೆ ಬಂದುಬಿಡಿ ಅಂದೆ.

ಅಜ್ಜಿ ಹಿಂದಿನ ದಿನವೇ ಹನುಮಂತನಗರದ ಅತ್ತೆ ಮನೆಗೆ ಹೋಗಿದ್ದರು, ಭಾನುವಾರ ಸಂಜೆ ಬರುವವರಿದ್ದರು. ಆಂಟಿ ಆಗ ದೇವಸ್ಥಾನದಲ್ಲಿದ್ದರಿಂದ ಅಜ್ಜಿ ಆಟೋ ಹತ್ತಿದ್ದನ್ನು ಕಿಟಕಿ ನೋಡಿರಲಿಲ್ಲ. ಭಾನುವಾರ ನಾನು ಎದ್ದದ್ದು ಒಂಬತ್ತಕ್ಕೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವುದು ಅಜ್ಜಿ ಇಲ್ಲದ ದಿನ ನನ್ನ ಕೆಲಸ ಅನ್ನುವುದು ಹೊಳೆಯಲೇ ಇಲ್ಲ. ಮೂವತ್ತು ವರ್ಷದಲ್ಲಿ ಆ ಹೊಸಿಲು ರಂಗೋಲಿಯಿಲ್ಲದೆ ಇದ್ದದ್ದು ಮನೆಯಲ್ಲಿ ತಿಥಿಯಾದಾಗ, ಇಲ್ಲ ಸೂತಕ ಬಂದಾಗ ಮಾತ್ರ. ಇದು ನನಗೆ ಗೊತ್ತಿರಲಿಲ್ಲ. ಆಂಟಿಗೆ ಗೊತ್ತಿತ್ತು.

ಸಂಜೆ ಆರಕ್ಕೆ ನಾಲ್ವರೂ ಬಂದರು. ಬಿಳಿ ಬಟ್ಟೆ, ತಗ್ಗಿಸಿದ ತಲೆ, ಒಂದು ಮಾತಿಲ್ಲ. ಬಿಡಿ ಹೂವು ಸಿಗಲಿಲ್ಲ ಅಂತ ಒಬ್ಬಳು ಆಳೆತ್ತರದ ಸುಗಂಧರಾಜದ ಹಾರ ಹಿಡಿದುಕೊಂಡು ಬಂದಿದ್ದಳು. ನಾನಂತೂ ಈರುಳ್ಳಿ ಮುಟ್ಟದ ಅಜ್ಜಿ ಮನೆಯಲ್ಲಿಲ್ಲದ ಧೈರ್ಯಕ್ಕೆ ಒಂದು ಕಿಲೋ ಈರುಳ್ಳಿ ಹೆಚ್ಚಿ ಮೊಸರುಬಜ್ಜಿ ಮಾಡಿದ್ದೆ. ಕಣ್ಣು ಕೆಂಡದ ಹಾಗಿತ್ತು, ಮೂಗು ಸೋರುತ್ತಿತ್ತು.

ಹತ್ತು ನಿಮಿಷಕ್ಕೆ ಬೆಲ್ ಆಯಿತು. ಬಾಗಿಲು ತೆಗೆದರೆ ಆಂಟಿ, ಕೈಯಲ್ಲಿ ಕಾಫಿ ಫ್ಲಾಸ್ಕು. ಹಿಂದೆ ಅಂಕಲ್, ಅಂಗಿಯ ತೋಳು ಮೇಲಕ್ಕೆ ಮಡಚಿದ್ದಾರೆ. ಮುಗಿಯಿತು, ಇದೇ ಆ ಇನ್ನೊಂದು ಮಾತು ಅಂದುಕೊಂಡೆ. ಆದರೆ ಆಂಟಿ ನನ್ನ ಕಣ್ಣು ನೋಡಿದವರೇ ಬಾಚಿ ತಬ್ಬಿಕೊಂಡರು. ಅಂಕಲ್ ಗಂಟಲು ಸರಿಮಾಡಿಕೊಂಡು, "ಅಪ್ಪ ಯಾವಾಗ ಬರ್ತಾರಮ್ಮ ಊರಿಂದ?" ಅಂದರು.

ಅಪ್ಪ ರಜೆ ಹಾಕಿ ಬರುವುದು ಗೊತ್ತಾಗಿತ್ತು. ಮುಂದಿನ ಶನಿವಾರ ಅಂದೆ.

ಅಂಕಲ್ ಮುಖ ಬಿಳುಚಿತು. "ಅಲ್ಲೀವರೆಗೂ ಇಡೋಕಾಗುತ್ತೇನಮ್ಮ? ಐಸ್ ತರಿಸ್ಲಾ?"

ಪಾಯಸದ ವಾಸನೆ ಹಿಡಿದು ಕೇಳುತ್ತಿದ್ದಾರೆ, ಅಪ್ಪನಿಗೂ ಎತ್ತಿಡು ಅನ್ನುತ್ತಿದ್ದಾರೆ ಅಂದುಕೊಂಡೆ. ಎಂಥ ಒಳ್ಳೆಯವರು ಅನ್ನಿಸಿತು. "ಬೇಡ ಅಂಕಲ್, ಫ್ರಿಜ್ ಇದೆ" ಅಂದೆ.

ಅಂಕಲ್ ಗೋಡೆ ಹಿಡಿದುಕೊಂಡರು. ಆಂಟಿ ಜೋರಾಗಿ ಅಳಲು ಶುರುಮಾಡಿದರು. "ಅವತ್ತು ದೇವಸ್ಥಾನದಲ್ಲಿ ಅಂದ ಮಾತೇ ಕೊನೇದಾಯ್ತಲ್ಲೇ ನಿಮ್ಮಜ್ಜಿ ಹತ್ರ" ಅಂದಾಗಲೇ ನನ್ನ ತಲೆಗೆ ಹೋದದ್ದು. ಇಲ್ಲ ಆಂಟಿ, ಅಜ್ಜಿ ಅತ್ತೆ ಮನೆಗೆ ಹೋಗಿದ್ದಾರೆ ಅಂತ ಹೇಳಬೇಕು. ಆದರೆ ನನ್ನ ಮೂಗು ಅವರ ಹೆಗಲಲ್ಲಿ ಹುದುಗಿತ್ತು. ಸಾಲದ್ದಕ್ಕೆ, ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಿ ನನಗೆ ಅಭ್ಯಾಸವಿಲ್ಲ.

"ಈ ರಸ್ತೇಲಿ ಅವರ ಕೈ ಸಾರಿನಂಥ ಸಾರು ಯಾರಿಗೂ ಬರಲ್ಲ ಕಣೇ. ಮೂವತ್ತು ವರ್ಷ ಕೊಟ್ಟು ಕಳಿಸಿದಾಗಲೆಲ್ಲ ಉಪ್ಪು ಕಮ್ಮಿ ಅಂತ ಹೇಳಿ ಕಳಿಸ್ತಿದ್ದೆ. ಹೊಟ್ಟೆಕಿಚ್ಚು ಕಣೇ, ಬರೀ ಹೊಟ್ಟೆಕಿಚ್ಚು. ಇವರಿಗೂ ಕೊಡದೆ ಅಡುಗೆಮನೇಲಿ ನಿಂತು ಲೋಟಕ್ಕೆ ಬಗ್ಗಿಸ್ಕೊಂಡು ಕುಡೀತಿದ್ದೆ."

ಅಂಕಲ್ ತಟ್ಟನೆ ತಲೆಯೆತ್ತಿದರು. ಅವರಿಗೂ ಅದು ಹೊಸ ಸುದ್ದಿ. ತಲೆಯೆತ್ತಿದವರು ಹಾಗೇ ಗೇಟಿನ ಕಡೆ ನೋಡುತ್ತ ನಿಂತುಬಿಟ್ಟರು. ಅಲ್ಲಿ ಆಟೋ ಇಳಿದು, ಕೈಯಲ್ಲಿ ಬ್ಯಾಗ್ ಹಿಡಿದು, ಅಜ್ಜಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

ಆಂಟಿ ತಿರುಗಿ ನೋಡಿದರು. ಅಳು ಅರ್ಧಕ್ಕೆ ನಿಂತಿತು.

ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಹಾರ ನೋಡಿದರು, ಹೊಸಿಲು ನೋಡಿದರು, ಬಾಗಿಲಲ್ಲಿ ಸಾಲಾಗಿ ನಿಂತ ನಾಲ್ಕು ಬಿಳಿ ಹುಡುಗಿಯರನ್ನು ನೋಡಿದರು. ಯಾರೂ ಏನೂ ಹೇಳಬೇಕಾಗಲಿಲ್ಲ. "ಒಳಗೆ ಹೋಗಿ ಊಟ ಮಾಡ್ರೇ, ಆರಿಹೋಗುತ್ತೆ" ಅಂದರು ನಮಗೆ. "ಮುಂದಿನ ತಿಂಗಳದ್ದು ಏನು ಅಂತಾನೂ ಈಗಲೇ ಯೋಚಿಸ್ಕೊಳ್ಳಿ."

ನಾವು ಯಾರೂ ಕದಲಲಿಲ್ಲ. ಅಜ್ಜಿ ಜಗಲಿಯ ಕುರ್ಚಿ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು, ಸಂಗೀತ ಕಚೇರಿಗೆ ಕೂತಂತೆ ಕೂತರು.

"ಆ ಸಾರಿನ ವಿಷಯ ಏನೋ ಹೇಳ್ತಿದ್ದೆಯಲ್ಲ" ಅಂದರು ಆಂಟಿಗೆ. "ಆಟೋ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ. ಮೊದಲಿಂದ ಇನ್ನೊಂದ್ಸಲ ಹೇಳು ನೋಡೋಣ."

ಆಂಟಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತೆಗೆದರು, ಒಳಗೆ ಇಣುಕಿದರು, ಮತ್ತೆ ತಿರುಗಿಸಿ ಹಾಕಿದರು.