ಡಬ್ಬಿಯೊಳಗಿನ ಅಮ್ಮ

ನಮ್ಮ ನಿಟ್ಟುವಳ್ಳಿ ಮನೆಯಲ್ಲಿ ಇರುವುದು ಮೂರೇ ಜನ. ಆದರೂ ಒಮ್ಮೊಮ್ಮೆ ಒಬ್ಬರು ಹೆಚ್ಚಿಗೆ ಇದ್ದಾರೆ ಅನ್ನಿಸುತ್ತದೆ. ಸಾಫ್ಟ್‌ವೇರ್ ಎಂಜಿನಿಯರನ್ನು ಕಟ್ಟಿಕೊಂಡವರಿಗೆಲ್ಲ ಹೀಗೇ ಆಗುತ್ತದೋ ಏನೋ. ನನ್ನವರು ಓದಿದ್ದು ಭೌತಶಾಸ್ತ್ರ, ಮಾಡುವುದು ಕಂಪ್ಯೂಟರ್ ಕೆಲಸ, ಅದೂ ಮನೆಯಲ್ಲೇ ಕೂತು. ಬಿಡುವಾದರೆ ಹಳೇ ರೇಡಿಯೊ ಬಿಚ್ಚುತ್ತಾರೆ. ನಾನು ಎಸ್ಸೆಸ್ಸೆಲ್ಸಿ. ಮಗಳಿಗೆ ಮೂರು ತುಂಬಿದರೂ ಬಾಯಲ್ಲಿ ಒಂದು ಮಾತಿರಲಿಲ್ಲ. ಕಿವಿ ಚೆನ್ನಾಗಿದೆ, ಮಾತಾಡಿಸುತ್ತಾ ಇರಿ ಅಂದಿದ್ದರು ಡಾಕ್ಟರು. ಮನೆಗಿದ್ದ ಚಿಂತೆ ಅದೊಂದೇ.

ಗೊಂಬೆ

ಒಂದು ಮಧ್ಯಾಹ್ನ ಕೋಣೆಯಿಂದ ಇವರ ದನಿ ಕೇಳಿತು, ಬಹಳ ಮೆತ್ತಗೆ. "ನೋಡು, ಇಲ್ಲೀತನ ಸರಿ ಐತೆ. ಮುಂದೆ ಯಾಕ ನಿಂತು ಹೋಗ್ತೈತೆ?"

ಮಗಳನ್ನು ಮಾತಾಡಿಸುತ್ತಿದ್ದಾರೆ ಅಂತ ಖುಷಿಯಿಂದ ಬಾಗಿಲು ಸರಿಸಿದೆ. ಮಗಳು ಮೂಲೆಯಲ್ಲಿ ಸುಮ್ಮನೆ ಕೂತಿದ್ದಳು. ಇವರ ಎದುರಿಗೆ ಕುರ್ಚಿಯ ಮೇಲೆ ಅವಳ ಒಂಟಿಗಣ್ಣಿನ ಗೊಂಬೆ.

"ಏನ್ರಿ ಇದು?"

"ಪ್ರೋಗ್ರಾಮಿನಾಗೆ ತಪ್ಪು ಹುಡುಕ್ತಿದೀನಿ. ಯಾರಿಗಾದ್ರೂ ಬಿಡಿಸಿ ಹೇಳಿದ್ರೆ ತಾನಾಗೇ ಸಿಗ್ತೈತೆ. ನಮ್ಮ ಕೆಲಸದಾಗೆ ಭಾಳ ಜನ ಹಿಂಗೆ ಮಾಡ್ತಾರೆ."

"ನಂಗೆ ಹೇಳಬಾರದಾ?"

"ನೀನು ತಿರುಗಿ ಮಾತಾಡ್ತೀಯ."

ನನ್ನ ದನಿ

ಕೇಳಿ ಕೇಳಿಯಾದರೂ ಮಗಳು ಕಲಿಯಲಿ ಅಂತ ಇವರೊಂದು ಮಾತಾಡುವ ಡಬ್ಬಿ ಮಾಡಿದರು. ನನ್ನ ಕೈಲಿ ಏನೇನೋ ಓದಿಸಿ ದನಿ ತುಂಬಿಕೊಂಡರು. "ಸಿಟ್ಟಿಲ್ಲದಂಗೆ ಓದು" ಅಂದರು. ಅದಕ್ಕೇ ಎರಡು ದಿನ ಹಿಡಿಯಿತು. ಆಮೇಲೆ ಆ ಡಬ್ಬಿ ನಾನು ಓದದ ಮಾತನ್ನೂ ನನ್ನ ದನಿಯಲ್ಲೇ ಆಡತೊಡಗಿತು. ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತಿತ್ತು.

ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಕೆಳಗಿನಿಂದ ನಾನೇ ಕರೆದೆ: "ಪುಟ್ಟಿ, ಬಾರಮ್ಮ, ಅಮ್ಮ ಇಲ್ಲೇ ಇದೀನಿ." ಇಳಿದು ಬಂದರೆ, ಸಕ್ಕರೆ ಕೇಳಲು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ನನ್ನನ್ನೊಮ್ಮೆ, ಒಳಕೋಣೆಯನ್ನೊಮ್ಮೆ ನೋಡುತ್ತಿದ್ದಾಳೆ. ಡಬ್ಬಿಯ ಕಥೆ ಹೇಳಿದೆ.

"ಈ ಓಣಿಗೆ ನೀನೊಬ್ಬಾಕಿನೇ ಸಾಕಾಗಿತ್ತಲ್ಲವ್ವಾ" ಅಂದು ಬಟ್ಟಲನ್ನು ಅಲ್ಲೇ ಬಿಟ್ಟು ಹೋದಳು.

ಅತ್ತೆ

ಹರಿಹರದಿಂದ ಅತ್ತೆ ಬಂದರು, ಮೊಮ್ಮಗಳಿಗೆ ಕಟ್ಟಲು ಹೊಳೆ ದಂಡೆಯ ಗುಡಿಯಿಂದ ಮಂತ್ರಿಸಿದ ದಾರ ಹಿಡಿದು. ನಾನು ಮಂಡಕ್ಕಿ ತರಲು ಅಂಗಡಿಗೆ ಹೋಗಿದ್ದು ಅವರಿಗೆ ತಿಳಿದಿರಲಿಲ್ಲ. ವಾಪಸ್ ಬಂದರೆ ಅವರು ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಒಳಗಿನ ನನ್ನ ಜೊತೆ ಮಾತಾಡುತ್ತಿದ್ದಾರೆ.

"ಕೂಸು ಮಾತಾಡ್ದೇ ಇದ್ದದ್ದಕ್ಕೆ ನಿನ್ನ ಬೈದೆ. ನಂದೂ ತಪ್ಪೈತವ್ವ."

"ಇರ್ಲಿ ಬಿಡ್ರಿ ಅತ್ತೆ" ಅಂತ ಒಳಗಿನಿಂದ ನನ್ನ ದನಿ.

ಹೊಸ್ತಿಲ ಮೇಲೆ ನಿಂತಿದ್ದ ನನ್ನನ್ನು ಕಂಡು ಅತ್ತೆ ಬಿಳಿಚಿಕೊಂಡರು. ನಿಜ ತಿಳಿದ ಮೇಲೆ ಎದ್ದು ಹೋಗಿ ದಾರವನ್ನು ಡಬ್ಬಿಗೇ ಬಿಗಿದರು. "'ಇರ್ಲಿ ಬಿಡ್ರಿ' ಅಂದಾಗ್ಲೇ ಅದು ನೀನಲ್ಲ ಅಂತ ನಂಗೆ ತಿಳೀಬೇಕಿತ್ತು."

ಮೊದಲ ಮಾತು

ಮೊನ್ನೆ ಭಾನುವಾರ ಬೆಳಿಗ್ಗೆ ಮಗಳು ಉಪ್ಪಿಟ್ಟು ಉಗುಳಿದಳು. ನಾನು ಗದರಿದೆ. ಅವಳು ಅಳಲಿಲ್ಲ. ಎದ್ದು ಹೋಗಿ ಡಬ್ಬಿಗೆ ಕಿವಿ ಹಚ್ಚಿ ಕೂತಳು. ಒಳಗಿನಿಂದ ನನ್ನ ದನಿ ಪಿಸುಗುಟ್ಟುತ್ತಿತ್ತು. ಅವಳ ಕಣ್ಣು ನನ್ನ ಮೇಲೇ ಇತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ಅವರಪ್ಪ ಪಕ್ಕದಲ್ಲೇ ರೇಡಿಯೊ ಬಿಚ್ಚಿಕೊಂಡು ಕೂತಿದ್ದರು. ಅವರ ತೋಳು ಜಗ್ಗಿ, ನನ್ನ ಕಡೆ ಬೆರಳು ತೋರಿಸಿ, ಮೂರು ವರ್ಷದ ಮೌನ ಮುರಿದಳು:

"ಈ ಅಮ್ಮ ಬ್ಯಾಡ. ಒಳಗಿನ ಅಮ್ಮನ್ನ ಹೊರಗೆ ತೆಗಿ."

ಇವರು ಅವಳನ್ನು ಅಪ್ಪಿಕೊಂಡು ಅತ್ತೇಬಿಟ್ಟರು. ನನ್ನ ಕಣ್ಣಲ್ಲೂ ನೀರು.

"ಎಷ್ಟು ಚೆಂದ ಹೇಳಿದ್ಲು, ಕೇಳಿದ್ಯಾ?" ಅಂದರು, ನನ್ನನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡುತ್ತಾ.

"ಕೇಳಿದೆ" ಅಂದೆ. "ಮೊದ್ಲು ಕೈಯಾಗಿನ ಸ್ಕ್ರೂಡ್ರೈವರ್ ಕೆಳಗಿಡ್ರಿ."