ಅಪ್ಪನ ಹಾಡಿಗೆ ಆರು ಸಾಲು ಸೀಸ

ಪ್ರೂಫಣ್ಣನ ಮನೆಯ ಡಿಸ್ಕ್ ಪ್ಲೇಯರಿಗೆ ಇದ್ದ ಕಾಯಿಲೆ ಒಂದೇ. ಅದು ಹಾಡಿಗೆ ಮೊದಲು ಗುರ್ ಎನ್ನುತ್ತಿತ್ತು, ಹಾಡಿನ ಜೊತೆಗೂ ಗುರ್ ಎನ್ನುತ್ತಿತ್ತು, ಹಾಡು ಮುಗಿದ ಮೇಲೂ ಸಮಾಧಾನವಾಗದವರ ಹಾಗೆ ಇನ್ನೊಂದಿಷ್ಟು ಗುರ್ ಎಂದು ಸುಮ್ಮನಾಗುತ್ತಿತ್ತು. ಮನೆಮನೆಗೂ ಪ್ಲೇಯರು ಬಂದು, ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ ಇಡುತ್ತಿದ್ದ ಕಾಲ ಅದು. ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದೋ ಅದನ್ನೇ ಪ್ರೂಫಣ್ಣ ತಂದಿದ್ದ.

ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕೂತು ಊರವರ ತಪ್ಪುಗಳನ್ನು ತಿದ್ದಿದ್ದರಿಂದ ಅವನಿಗೆ ಆ ಹೆಸರು. ಮದುವೆಯ ಕಾಗದ ಬಂದರೂ ಮೊದಲು ಕೆಂಪು ಪೆನ್ನು ಹುಡುಕುತ್ತಿದ್ದ, ಆಮೇಲೆ ಮದುವೆ ಯಾರದೆಂದು ನೋಡುತ್ತಿದ್ದ.

ಅವನು ಜೀವ ಇಟ್ಟುಕೊಂಡಿದ್ದ ಡಿಸ್ಕ್ ಒಂದೇ ಒಂದು, ತೀರಿಹೋದ ಅಪ್ಪ ಹಾಡಿದ್ದು. ಅಪ್ಪ ಗಾಯಕರೇನಲ್ಲ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು. ಪ್ರೂಫಣ್ಣ ಚಿಕ್ಕವನಿದ್ದಾಗ ಒಂದು ಸಂಜೆ ಯಾರದೋ ಟೇಪ್ ರೆಕಾರ್ಡರ್ ತಂದು, ಅಜ್ಜಿ, ಮಕ್ಕಳು ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಮೂರು ಹಾಡು ಹಾಡಿದ್ದರು. ಆ ಟೇಪಿಗೆ ಬೂಷ್ಟು ಹತ್ತಿದ ಮೇಲೆ ಸ್ಟುಡಿಯೋದವನೊಬ್ಬ ಹೇಗೋ ಒಂದು ಡಿಸ್ಕಿಗೆ ಇಳಿಸಿಕೊಟ್ಟ. ಇಳಿಸಿದ ಮರುಗಳಿಗೆಯೇ ಟೇಪು ತುಂಡಾಯಿತು. ಈಗ ಅಪ್ಪ ಉಳಿದಿದ್ದು ಅದೊಂದರಲ್ಲೇ. ಪ್ರತಿ ಭಾನುವಾರ ಅದನ್ನು ಹಾಕಿಕೊಂಡು ಪ್ರೂಫಣ್ಣ ಗಡ್ಡ ಹೆರೆದುಕೊಳ್ಳುತ್ತಿದ್ದ. ಎರಡನೆಯ ಹಾಡಿನ ಮೂರನೆಯ ಸಾಲಿನಲ್ಲಿ ಅಪ್ಪ ಹಾಡು ನಿಲ್ಲಿಸಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ಅಲ್ಲಿ ರೇಜರೂ ನಿಲ್ಲುತ್ತಿತ್ತು. ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದಾರೆ ಅನಿಸುತ್ತಿದ್ದುದು ಹಾಡಿನಿಂದಲ್ಲ, ಆ ಕೆಮ್ಮಿನಿಂದ.

ಹೋದ ಭಾನುವಾರ ಅದೇ ಹೊತ್ತಿಗೆ ಅಕ್ಕನ ಫೋನು ಬಂದಿತ್ತು.

"ಏನೋ ಅದು ಹಿಂದೆ? ಅಪ್ಪ ಹಾಡ್ತಿದಾರಾ, ಹಿಟ್ಟಿನ ಗಿರಣಿ ಓಡ್ತಿದೆಯಾ?"

"ಅಪ್ಪನೇ ಅಕ್ಕ. ಪ್ಲೇಯರ್ ಸ್ವಲ್ಪ…"

"ಮುಂದಿನ ಭಾನುವಾರ ಐದು ಗಂಟೆಗೆ ಬರ್ತೀನಿ. ಅಪ್ಪನ ದನಿ ನೆಟ್ಟಗೆ ಕೇಳಿಸಿದ್ರೆ ಸರಿ. ಇಲ್ಲಾಂದ್ರೆ ಡಿಸ್ಕ್ ನಾನು ತಗೊಂಡು ಹೋಗ್ತೀನಿ. ನಮ್ಮನೇಲಿ ಒಳ್ಳೆ ಸೆಟ್ ಇದೆ."

ಅಕ್ಕನಿಗೆ ಎದುರಾಡುವ ಧೈರ್ಯ ಆ ವಂಶದಲ್ಲಿ ಯಾರಿಗೂ ಇರಲಿಲ್ಲ. ಅವಳಿಗೊಂದು ಹಳೆಯ ನೋವು ಬೇರೆ ಇತ್ತು. ಹತ್ತು ವರ್ಷದವಳಿದ್ದಾಗ ಅಪ್ಪನ ಅಲಾರಂ ಗಡಿಯಾರ ಒಡೆದಿತ್ತು. ಅವಳೇ ಒಡೆದಳೆಂದು ಅಪ್ಪ, ಶಾಲೆಯವರು ಸಮುದ್ರ ತೋರಿಸಲು ಹೊರಟಿದ್ದ ಪ್ರವಾಸಕ್ಕೆ ಅವಳನ್ನು ಕಳಿಸಿರಲಿಲ್ಲ. ಯಾರ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಆ ಕತೆ ಬರುತ್ತಿತ್ತು. "ಪಾಪ, ಅಕ್ಕ ಅಲ್ಲ, ಬೆಕ್ಕು ಬೀಳಿಸಿರ್ಬೇಕು" ಎಂದು ಪ್ರೂಫಣ್ಣ ಪ್ರತಿ ಸಲವೂ ಸಮಾಧಾನ ಹೇಳುತ್ತಿದ್ದ.

ಹೊಸ ಪ್ಲೇಯರು ಕೊಳ್ಳುವ ಮಾತು ಆ ಮನೆಯಲ್ಲಿ ಏಳುವಂತಿರಲಿಲ್ಲ. ಆದ್ದರಿಂದ ಈ ಭಾನುವಾರ ಬೆಳಿಗ್ಗೆ ಪ್ರೂಫಣ್ಣ ಗಡ್ಡವನ್ನು ಹಾಗೇ ಬಿಟ್ಟು, ಸ್ಕ್ರೂಡ್ರೈವರ್ ಹಿಡಿದು ಪ್ಲೇಯರಿನ ಮುಂದೆ ಕೂತ.

"ಮಿಕ್ಸಿ ರಿಪೇರಿ ಮಾಡ್ತೀನಿ ಅಂತ ಕೂತಾಗಲೂ ಮುಖ ಹಿಂಗೇ ಇತ್ತು," ಎಂದು ಹೆಂಡತಿ ನೆನಪಿಸಿದಳು. ಆ ಮಿಕ್ಸಿಯಲ್ಲಿ ಈಗ ಬಟ್ಟೆ ಕ್ಲಿಪ್ಪುಗಳಿದ್ದವು.

ಪ್ಲೇಯರಿನ ಮುಚ್ಚಳ ತೆಗೆದ ಸದ್ದು ಮಹಡಿಯವರೆಗೆ ಹೇಗೆ ಕೇಳಿಸಿತೋ ಗೊತ್ತಿಲ್ಲ, ಐದು ನಿಮಿಷದಲ್ಲಿ ರೇಡಿಯೋ ತಾತ ಇಳಿದು ಬಂದರು. ಒಂದು ಕಾಲಕ್ಕೆ ಆ ಬೀದಿಯ ರೇಡಿಯೋಗಳೆಲ್ಲ ಅವರ ಕೈಯಲ್ಲೇ ಬದುಕಿದ್ದವು. ಈಗ ರೇಡಿಯೋ ತರುವವರಿಲ್ಲದೆ ಅವರ ಬೆರಳುಗಳು ಸುಮ್ಮನೆ ನವೆಯುತ್ತಿದ್ದವು.

"ಇದೇನಯ್ಯ, ತಗಡಿನ ಡಬ್ಬ," ಎಂದು ತಾತ ಪ್ಲೇಯರಿನ ತಳವನ್ನು ತಟ್ಟಿದರು. "ಒಳಗೆ ಮೋಟಾರ್ ತಿರುಗಿದಾಗ ಇದೂ ಕುಣಿಯುತ್ತೆ. ಇದನ್ನ ಅಲ್ಲಾಡದ ಹಂಗೆ ಭಾರ ಮಾಡ್ಬೇಕು. ಕರೆಂಟಿನ ವೈರು ಹಾಡಿನ ವೈರಿಗೆ ಅಂಟ್ಕೊಂಡಿದೆ, ಬೇರೆ ಮಾಡ್ಬೇಕು. ನಾಲ್ಕು ಕೆಪಾಸಿಟರ್ ಬದಲಾಯಿಸ್ಬೇಕು, ಕರೆಂಟಿನ ಗುರ್ ಹೀರೋದು ಅವೇ. ನನ್ನ ಹಳೇ ರೇಡಿಯೋದಿಂದ ಕಿತ್ತುಕೊಡ್ತೀನಿ."

"ತಾತ, ಅದು ನಿಮ್ಮ ರೇಡಿಯೋ."

"ಅದು ಹಾಡೋದು ಬಿಟ್ಟು ವರ್ಷಗಳಾದ್ವು. ನಿಮ್ಮಪ್ಪನ ಜೊತೆ ಹಾಡ್ಲಿ ಬಿಡು," ಎಂದು ತಾತ ಬೆಸುಗೆ ಕಡ್ಡಿ ತರಲು ಹೋದರು.

ಭಾರಕ್ಕೆ ಏನಿಡುವುದು? ಪ್ರೂಫಣ್ಣನಿಗೆ ಬೀರುವಿನ ತಳದ ಗಂಟು ನೆನಪಾಯಿತು. ಪ್ರೆಸ್ಸಿಗೆ ಕಂಪ್ಯೂಟರ್ ಬಂದ ದಿನ ಸೀಸದ ಅಚ್ಚುಮೊಳೆಗಳೆಲ್ಲ ಗುಜರಿಗೆ ಹೊರಟಿದ್ದವು. ದಾರ ಸುತ್ತಿದ ಆರು ಸಾಲುಗಳನ್ನು ಅವನು ಕಣ್ಣೊರೆಸಿಕೊಂಡು ಮನೆಗೆ ತಂದಿದ್ದ. ಅವನ್ನು ಸೈಕಲ್ ಟ್ಯೂಬಿನ ತುಂಡುಗಳಲ್ಲಿ ಸುತ್ತಿ ತಳಕ್ಕೆ ಜೋಡಿಸುವಾಗ, ಉಲ್ಟಾ ಅಕ್ಷರಗಳನ್ನು ಓದುವ ಹಳೆಯ ಚಟ ಎದ್ದಿತು. ನಾಲ್ಕನೆಯ ಸಾಲಿನಲ್ಲಿ ತಪ್ಪೊಂದಿತ್ತು.

"ಈ ತಪ್ಪು ನನ್ನ ಕಣ್ಣು ತಪ್ಪಿಸ್ಕೊಂಡು ಇಷ್ಟು ವರ್ಷ ಬದುಕಿದೆ," ಎಂದು ಅವನು ದಾರ ಬಿಚ್ಚಿ, ಅದಲುಬದಲಾಗಿದ್ದ ಎರಡು ಮೊಳೆ ಸರಿಪಡಿಸಲು ಕೂತ.

"ಅದು ಕೆಳಗಿರೋದು ರೀ. ಯಾರು ಓದ್ತಾರೆ?" ಎಂದಳು ಹೆಂಡತಿ.

"ಅಪ್ಪನ ಹಾಡಿನ ಕೆಳಗೆ ತಪ್ಪು ಇರಬಾರದು," ಎಂದು ಪ್ರೂಫಣ್ಣ ಅರ್ಧ ಗಂಟೆ ಕಳೆದ.

ಅಷ್ಟರಲ್ಲಿ ತಾತನ ಬೆಸುಗೆ ಕಡ್ಡಿ ಕಸೂತಿ ಬಟ್ಟೆಯ ನವಿಲಿಗೆ ತಾಗಿ, ನವಿಲಿನ ಕೊರಳು ಕಪ್ಪಾಯಿತು. ಸುಟ್ಟ ವಾಸನೆಗೆ ಎದುರುಮನೆಯ ಟೈಲರಮ್ಮ ಓಡಿ ಬಂದರು. ವಿಷಯ ತಿಳಿದ ಮೇಲೆ ಅವರೂ ಬರಿಗೈಯಲ್ಲಿ ನಿಲ್ಲುವವರಲ್ಲ. ಕೋಟಿನ ಭುಜಕ್ಕೆ ಇಡುವ ಮೆತ್ತೆ ನಾಲ್ಕು ತಂದರು. "ಡಬ್ಬದ ಒಳಬದಿಗೆ ಇದನ್ನ ತುರುಕಿ. ಮೆತ್ತಗಿದ್ರೆ ಸದ್ದು ಮಾಡಲ್ಲ," ಎಂದರು. ತಾತ ಬೇಡ ಎನ್ನುವಷ್ಟರಲ್ಲಿ ಮೆತ್ತೆಗಳು ಒಳಗಿದ್ದವು. ಈಗ ಮುಚ್ಚಳ ಮುಚ್ಚಲಿಲ್ಲ. ಎರಡನ್ನು ಕಿತ್ತು ಮುಚ್ಚಿದರೆ ಪ್ಲೇಯರು ಡಿಸ್ಕನ್ನು ನುಂಗಿ, ತಕ್ಷಣ ಉಗುಳಿತು. ಮತ್ತೆ ಹಾಕಿದರೆ ಮತ್ತೆ ಉಗುಳಿತು. ಗಂಟೆ ನಾಲ್ಕೂವರೆ.

"ಸ್ಕ್ರೂ ಎಷ್ಟು ಬಿಚ್ಚಿದ್ದೆ?" ತಾತ ಕೇಳಿದರು.

"ಒಂಬತ್ತು."

"ಹಾಕಿದ್ದು?"

"ಎಂಟು."

ಅಕ್ಕ ಡಿಸ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲಿಳಿಯುವುದು ಪ್ರೂಫಣ್ಣನ ಕಣ್ಣಿಗೆ ಕಟ್ಟಿದಂತೆ ಕಂಡಿತು. ಟೈಲರಮ್ಮ ಮನೆಗೆ ಹೋಗಿ, ನೆಲಕ್ಕೆ ಬಿದ್ದ ಗುಂಡುಸೂಜಿ ಎತ್ತುವ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತಂದರು. ಮುಚ್ಚಳ ಎತ್ತಿ ಒಳಗೆ ಇಳಿಬಿಟ್ಟು ಎರಡು ಸುತ್ತು ತಿರುಗಿಸಿದರು. ಒಂಬತ್ತನೆಯ ಸ್ಕ್ರೂ ಟಕ್ಕೆಂದು ಅಂಟಿಕೊಂಡು ಮೇಲೆ ಬಂತು.

ಐದು ಗಂಟೆಗೆ ಸರಿಯಾಗಿ ಅಕ್ಕ ಬಂದಳು. ಗಡ್ಡ ಬಿಟ್ಟು, ಕೈಗೆಲ್ಲ ಮಸಿ ಮೆತ್ತಿಕೊಂಡಿದ್ದ ತಮ್ಮನನ್ನು ಮೇಲಿಂದ ಕೆಳಗೆ ನೋಡಿ ಕುರ್ಚಿಯಲ್ಲಿ ಕೂತಳು. ಪ್ರೂಫಣ್ಣ ಗುಂಡಿ ಒತ್ತಿದ.

ಗುರ್ ಇಲ್ಲ. ಏನೇನೂ ಇಲ್ಲ. ಆ ಮೌನದೊಳಗಿಂದ ಅಪ್ಪ ಹಾಡತೊಡಗಿದರು. ಸಾಲಿಗೂ ಸಾಲಿಗೂ ನಡುವೆ ಅವರು ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತು. ಅವರು ಕೂತಿದ್ದ ಬೆತ್ತದ ಕುರ್ಚಿ ಕಿರ್ ಎಂದಿದ್ದು ಕೇಳುತ್ತಿತ್ತು. ಆ ಕುರ್ಚಿ ಯಾವಾಗ ಮುರಿಯಿತು, ಯಾರು ಎಸೆದರು ಎಂಬುದು ಕೂಡ ಮರೆತುಹೋಗಿತ್ತು. ಅಕ್ಕನ ಕಣ್ಣು ತುಂಬಿತು. ತಾತ ಕನ್ನಡಕ ತೆಗೆದು ಒರೆಸಿಕೊಂಡರು. ಪ್ರೂಫಣ್ಣನಿಗೆ ಅಳುವೂ ಹೆಮ್ಮೆಯೂ ಒಟ್ಟಿಗೇ ಬಂದವು.

ಎರಡನೆಯ ಹಾಡು ಶುರುವಾಯಿತು. ಮೂರನೆಯ ಸಾಲಿನಲ್ಲಿ ಅಪ್ಪ ನಿಲ್ಲಿಸಿ ಗಂಟಲು ಸರಿಮಾಡಿಕೊಂಡರು. ಅದರ ಹಿಂದೆಯೇ, ಇಷ್ಟು ವರ್ಷ ಗುರ್ ಎಂಬ ಸದ್ದಿನಡಿ ಹೂತುಹೋಗಿದ್ದ ಪುಟ್ಟ ದನಿಯೊಂದು ಪಿಸುಗುಟ್ಟಿತು:

"ಅಜ್ಜಿ, ಗಡಿಯಾರ ಬೀಳಿಸಿದ್ದು ನಾನು. ಅಪ್ಪ ಅಕ್ಕನೇ ಬೀಳಿಸಿದ್ದು ಅಂದ್ಕೊಂಡಿದಾರೆ. ಹೇಳ್ಬೇಡ."

"ಹೇಳಲ್ಲ, ಸುಮ್ನೆ ಕೂತ್ಕೋ ಬಂಗಾರ," ಎಂದಿತು ಅಜ್ಜಿಯ ದನಿ.

ಅಪ್ಪ ಹಾಡು ಮುಂದುವರಿಸಿದರು.

"ಇನ್ನೊಂದ್ಸಲ ಹಾಕು," ಎಂದಳು ಅಕ್ಕ. ಹಾಕಿದ. ಪಿಸುಮಾತು ಈ ಸಲ ಇನ್ನೂ ಸ್ಪಷ್ಟವಾಗಿ ಕೇಳಿಸಿದಂತಾಯಿತು.

"ಆವತ್ತಿಂದ ನೀನು ಬೆಕ್ಕು ಅಂತಿದ್ದೆ," ಎಂದಳು ಅಕ್ಕ. "ಅದು ಸಾಯೋವರೆಗೂ ಅದಕ್ಕೆ ನಾನು ಒಂದು ತೊಟ್ಟು ಹಾಲು ಹಾಕ್ಲಿಲ್ಲ ಕಣೋ."

"ಆಗ ನಂಗೆ ಆರು ವರ್ಷ ಅಕ್ಕ."

"ಈಗ ಐವತ್ತೆರಡು. ಮಧ್ಯೆ ಒಂದು ದಿನ ಪುರುಸೊತ್ತು ಸಿಗ್ಲಿಲ್ವಾ?"

"ಊರವರ ತಪ್ಪು ಹುಡುಕೋದ್ರಲ್ಲೇ ಆಯ್ತು," ಎಂದಳು ಹೆಂಡತಿ.

ಪ್ರೂಫಣ್ಣ ಕೊನೆಯ ಆಸೆಯಿಂದ ಕೇಳಿದ. "ಅಪ್ಪನ ದನಿ ನೆಟ್ಟಗೆ ಕೇಳಿಸ್ತಲ್ಲ ಅಕ್ಕ. ಡಿಸ್ಕ್ ಇಲ್ಲೇ ಇರ್ಲಿ ಅಲ್ವಾ?"

"ಕೇಳಿಸದೆ ಇದ್ದಿದ್ರೆ ಡಿಸ್ಕ್ ಮಾತ್ರ ತಗೊಂಡು ಹೋಗ್ತಿದ್ದೆ," ಎಂದು ಅಕ್ಕ ಎದ್ದಳು. "ಇಷ್ಟು ಚೆನ್ನಾಗಿ ಕೇಳಿಸಿದ್ಮೇಲೆ ಪ್ಲೇಯರೂ ಬೇಕು. ಚಿಕ್ಕಪ್ಪನಿಗೆ, ಅತ್ತೆ ಮಕ್ಕಳಿಗೆ ಎಲ್ಲಾ ಕೇಳಿಸ್ಬೇಕು. ನಮ್ಮನೆ ಸೆಟ್ಟಲ್ಲಿ ಈ ಪಿಸುಮಾತು ಬರುತ್ತೋ ಇಲ್ವೋ ಯಾರಿಗೆ ಗೊತ್ತು. ಕಟ್ಟು."

ಆರು ಸಾಲು ಸೀಸ ಹೊತ್ತ ಪ್ಲೇಯರನ್ನು ಎದೆಗವುಚಿಕೊಂಡು ಪ್ರೂಫಣ್ಣನೇ ಏದುಸಿರು ಬಿಡುತ್ತ ಮೆಟ್ಟಿಲಿಳಿದು ಆಟೋದಲ್ಲಿಟ್ಟ. "ಕುಲುಕಾಡದ ಹಂಗೆ ಇಡಯ್ಯ, ನನ್ನ ಕೆಪಾಸಿಟರ್ ಇದೆ," ಎಂದು ತಾತ ಮೇಲಿನಿಂದ ಎಚ್ಚರಿಸಿದರು.

ಮರು ಭಾನುವಾರ ಪ್ರೂಫಣ್ಣ ಹಾಡಿಲ್ಲದೆ ಗಡ್ಡ ಹೆರೆದುಕೊಳ್ಳುತ್ತಿದ್ದ. ಆ ಗುರ್ ಸದ್ದಾದರೂ ಇದ್ದಿದ್ದರೆ ಎನಿಸಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕ ಅಲ್ಲಿಂದ ರಿಸೀವರನ್ನು ಪ್ಲೇಯರಿನ ಹತ್ತಿರ ಹಿಡಿದಿದ್ದಳು. ಅಪ್ಪ ಗಂಟಲು ಸರಿಮಾಡಿಕೊಂಡರು. ಪ್ರೂಫಣ್ಣನ ರೇಜರು ನಿಂತಿತು. ಆಮೇಲೆ ಹತ್ತು ಹನ್ನೆರಡು ನೆಂಟರು ಒಟ್ಟಿಗೆ ನಕ್ಕಿದ್ದು, ಒಬ್ಬೊಬ್ಬರನ್ನೂ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿ ಕೇಳಿಸಿತು.