ಮೊಮ್ಮಗಳ ರಾಗಿ ಸರಿಗೆ ಖಾರ ಬೆರೆಸಿದ ಗಿರಣಿಯ ಮಾಲೀಕರಿಗೆ

ಗುಂಡ್ಲುಪೇಟೆಯ ತಣ್ಣನೆಯ ಆಫೀಸಿನಲ್ಲಿ ಕುಳಿತು ಸುತ್ತಲ ಊರುಗಳ ಹಿಟ್ಟಿನ ಭಾರವನ್ನೆಲ್ಲ ಹೊತ್ತಿರುವ ಮಾನ್ಯರೇ,

ಚಂದಕವಾಡಿಯ ಗುರುಮಲ್ಲಯ್ಯನ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ದರದ ಬೋರ್ಡು ನೋಡಿದರೇ ತಿಳಿಯುತ್ತದೆ. ನಮ್ಮ ಮನೆಯ ಎಂಟು ತಿಂಗಳ ಕೂಸು ಮಾತ್ರ ಕ್ಷೇಮವಾಗಿಲ್ಲ.

ತಾವು ಬರುವ ಮುಂಚೆ ನಮ್ಮೂರಿನಲ್ಲಿ ಎರಡು ಗಿರಣಿಗಳಿದ್ದ ಅನಾಗರಿಕ ಕಾಲವೊಂದಿತ್ತು. ಶಾಂತರಾಜುವೂ ಇನಾಯತ್ ಉಲ್ಲಾ ಸಾಹೇಬರೂ ರಾಗಿಗೊಂದು, ಮೆಣಸಿನಕಾಯಿಗೊಂದು ಎಂದು ತಲಾ ಎರಡು ಮಿಷನ್ ಇಟ್ಟಿದ್ದರು. ಒಬ್ಬರು ಒಂದು ರೂಪಾಯಿ ಏರಿಸಿದರೆ ಚೀಲಗಳು ಇನ್ನೊಬ್ಬರ ಬಾಗಿಲಿಗೆ ಹೋಗುತ್ತಿದ್ದವು. ಹಿಟ್ಟು ತರಿಯಾದರೆ "ಏನ್ಲಾ ಶಾಂತರಾಜು, ಕೋಳಿಗ್ ಬೀಸ್ಕೊಟ್ಟಿದ್ದೀಯಾ?" ಎಂದು ಬಯ್ಯಬಹುದಿತ್ತು, ಅವನು ಮತ್ತೆ ಬೀಸಿಕೊಡುತ್ತಿದ್ದ.

ತಾವು ಎರಡನ್ನೂ ಕೊಂಡು, ಒಂದಕ್ಕೆ ಬೀಗ ಜಡಿದು, ನಾಲ್ಕು ಮಿಷನ್ನಿನ ಕೆಲಸವನ್ನು ಒಂದರ ತಲೆಗೆ ಕಟ್ಟಿ, ಇದು ಪುನಾರಚನೆ, ಇದರಿಂದ ಉತ್ಪಾದಕತೆ ಏರಿದೆ ಎಂದು ಗೋಡೆಯ ಮೇಲೆ ಬರೆಸಿದಿರಿ. ನಾನು ಓದಿದ ನಾಲ್ಕನೇ ಕ್ಲಾಸಿನವರೆಗೆ ಆ ಮಾತು ಬಂದಿರಲಿಲ್ಲ. ಖರ್ಚು ಇಳಿದ ಮೇಲೆ ಬೀಸುವ ದರ ಯಾಕೆ ಇಮ್ಮಡಿಯಾಯಿತು ಎಂದು ಕೇಳುವಷ್ಟು ಮಾತ್ರ ಕಲಿಸಿದ್ದರು.

ಮೊನ್ನೆ ಸೊಸೆ ಭವ್ಯ ಕೂಸಿನ ಸರಿಗೆಂದು ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿದ ರಾಗಿಯನ್ನು ತಮ್ಮ ಗಿರಣಿಗೆ ತಂದಳು. ಅವಳ ಸರದಿಗೆ ಮುಂಚೆ ಅದೇ ಮಿಷನ್ನಿನಲ್ಲಿ ಯಾರದೋ ಬೀಗರೂಟದ ಮೆಣಸಿನಕಾಯಿ ಪುಡಿಯಾಗಿತ್ತು. ಮಿಷನ್ ಚೊಕ್ಕ ಮಾಡಿ ಹಾಕಿರೆಂದರೆ, "ನಿಲ್ಸುದ್ರೆ ಆಫೀಸ್ನೋರು ಸಂಬಳ ಇಡಿತಾರೆ ಕಣಮ್ಮಿ" ಎಂದ ತಮ್ಮ ಆಳು ಸೋಮಯ್ಯ. ರಾಗಿಯ ಬಣ್ಣದಲ್ಲಿ ಖಾರ ಕಾಣಿಸಲಿಲ್ಲ. ಒಂದು ಚಮಚಕ್ಕೆ ಕೂಸು ಉಸಿರುಗಟ್ಟುವಂತೆ ಅತ್ತಿತು. ಈಗ ಚಮಚ ಕಂಡರೇ ಮುಖ ತಿರುಗಿಸುತ್ತದೆ. ಫೋನ್ ಮಾಡಿದರೆ ತಮ್ಮವರು, ಸರಿಹೋಗದಿದ್ದರೆ ಬೇರೆ ಕಡೆ ಬೀಸಿಸಿಕೊಳ್ಳಿ ಎಂದು ದಯೆಯಿಂದ ಅಪ್ಪಣೆ ಕೊಟ್ಟರು. ಹತ್ತಿರವಿರುವ ಕುದೇರಿನ ಗಿರಣಿಯೂ ತಮ್ಮದೇ ಎಂಬುದನ್ನು ಅವರಿಗೆ ತಿಳಿಸುವ ಭಾಗ್ಯ ನನ್ನದಾಯಿತು.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ಇನ್ನು ಹುಟ್ಟುವ ಕೂಸುಗಳನ್ನೂ ಪುನಾರಚಿಸಿ, ಹಲ್ಲು ಬರುವ ಮೊದಲೇ ಖಾರ ನುಂಗುವಂತೆ ಮಾಡಿಸಬೇಕು. ತಮ್ಮ ಮನೆಯಲ್ಲೂ ಕಾಫಿಪುಡಿ, ಸೋಪಿನಪುಡಿ, ಮೀನಿನ ಮಸಾಲೆಗಳನ್ನು ಒಂದೇ ಡಬ್ಬದಲ್ಲಿಟ್ಟು ಡಬ್ಬದ ಉತ್ಪಾದಕತೆಯನ್ನು ಏರಿಸಬೇಕು. ಮೊದಲ ಲೋಟ ತಾವೇ ಕುಡಿಯಬೇಕು.

ತಮ್ಮ ಬಾಗಿಲಿಗೆ ಇನ್ನು ಚೀಲ ಹೊರದ,
ತಮ್ಮ ವಿಶ್ವಾಸಿ,
ಗುರುಮಲ್ಲಯ್ಯ

ಮರೆತ ಮಾತು: ಇನಾಯತ್ ಸಾಹೇಬರು ಅವರದೇ ಮನೆಯ ಜಗಲಿಯಲ್ಲಿ ರಾಗಿಗೆ ಮಾತ್ರ ಸಣ್ಣ ಮಿಷನ್ ಇಟ್ಟಿದ್ದಾರೆ. ಅದು ತಿರುಗಿದ ದಿನವೇ ತಮ್ಮ ದರ ಅರ್ಧಕ್ಕಿಳಿಯಿತು. ಉಳಿದರ್ಧ ಇಷ್ಟು ದಿನ ಯಾವ ಖರ್ಚಿಗೆ ಹೋಗುತ್ತಿತ್ತೋ ತಿಳಿಸಿ. ಇವತ್ತು ಆ ಮಿಷನ್ನನ್ನೂ ಕೊಳ್ಳಲು ತಮ್ಮ ಮ್ಯಾನೇಜರು ಬಂದಿದ್ದರು. ಸಾಹೇಬರ ಹೆಂಡತಿ ಹಫೀಜಾ, "ಮುಂದೆ ಕೂಸಿನ ರಾಗಿ ಐತೆ, ನೀವು ಹಿಂದೆ ನಿಂತ್ಕಳಿ ಸಾರ್" ಎಂದರು. ಸಾಲಿನಲ್ಲಿ ಇನ್ನೂ ನಿಂತಿದ್ದಾರೆ. ಊಟಕ್ಕೆ ಅವರನ್ನು ಕಾಯಬೇಡಿ.